ಗುರುಶಾಂತನ ಮನೆಯ ನಲವತ್ತೆರಡು ಆಂಪ್ಲಿಫೈಯರ್

ಆಳಂದದ ಪಾರ್ವತೆಮ್ಮನವರಿಗೆ ಇಬ್ಬರು ಅಳಿಯಂದಿರು. ಹಿರಿಯವನು ಸಾಲಿ ಮಾಸ್ತರ. ಅವನಿಗೆ ಎಲ್ಲರೂ ‘ಮಾಸ್ತರ ಅಳ್ಯಾ’ ಅನ್ನುತ್ತಿದ್ದರು. ಕಿರಿಯವನು ನಮ್ಮ ಗುರುಶಾಂತ. ಅವನಿಗೆ ‘ಹೊಗಿ ಅಳ್ಯಾ’ ಅನ್ನುತ್ತಿದ್ದರು.

ಬೀಡಿ ಸೇದುತ್ತಾನೆಂದು ತಿಳಿಯಬೇಡಿ. ಪಾಪ, ಅಡಿಕೆ ಚೂರನ್ನೂ ಬಾಯಿಗೆ ಹಾಕದ ಮನುಷ್ಯ. ಹದಿನೆಂಟು ವರ್ಷದ ಹಿಂದೆ, ತನ್ನ ಮದುವೆಯಲ್ಲಿ ತಾನೇ ಗಿಟಾರ್ ಬಾರಿಸುತ್ತೇನೆಂದು ಹಟ ಹಿಡಿದಿದ್ದ. ಬಾಡಿಗೆಗೆ ತಂದ ಆಂಪ್ಲಿಫೈಯರಿಗೆ ವಯರು ಸಿಕ್ಕಿಸಿ, ನೂರಾರು ಬೀಗರ ಎದುರಿಗೆ ತಂತಿಯ ಮೇಲೆ ಒಮ್ಮೆ ಕೈ ಎಳೆದ. ಆ ಡಬ್ಬಿ ಭುಸ್ಸೆಂದು ಹೊಗೆ ಉಗುಳಿತು. ಒಂದು ಕಿಡಿ ಹಾರಿ ಪಾರ್ವತೆಮ್ಮನವರ ಹೊಸ ಇಳಕಲ್ ಸೀರೆಯ ಸೆರಗಿಗೆ ಬಿತ್ತು. ಅಕ್ಷತೆ ಹಾಕಲು ಬಂದವರು ಕೆಮ್ಮುತ್ತ ಬೀದಿಗೆ ಓಡಿದರು. ಮದುಮಗ ಎಲ್ಲಿ ಎಂದು ಹುಡುಕಿದರೆ, ಪಕ್ಕದ ಮನೆಯ ದನದ ಕೊಟ್ಟಿಗೆಯಲ್ಲಿ ಬಾಸಿಂಗ ಕಟ್ಟಿಕೊಂಡೇ ಅಡಗಿ ಕೂತಿದ್ದ. ಮದುವೆಯೇನೋ ಆಯಿತು. ಅತ್ತೆಯ ಮನೆಯಲ್ಲಿ ಅವನ ಹೆಸರು ಮಾತ್ರ ಅಂದಿನಿಂದ ಯಾರ ಬಾಯಲ್ಲೂ ಬರಲಿಲ್ಲ.

ಈಗ ಗುರುಶಾಂತ ಹೈದರಾಬಾದಿನ ರಕ್ಷಣಾ ಕಾರ್ಖಾನೆಯೊಂದರಲ್ಲಿ ಲೇತ್ ಯಂತ್ರ ನಡೆಸುತ್ತಾನೆ. ಮಲ್ಕಾಜ್‌ಗಿರಿಯಲ್ಲಿ ಮನೆ ಕಟ್ಟಿಸಿದ್ದಾನೆ. ಹೆಂಡತಿ ರೇಣುಕಾಳ ತಂಗಿ ದಾನೇಶ್ವರಿ ಅಲ್ಲೇ ಹತ್ತಿರದ ಶಾಲೆಯಲ್ಲಿ ಟೀಚರಾಗಿ ಇವರ ಮನೆಯಲ್ಲೇ ಇದ್ದಳು. ಅವಳಿಗೆ ಜಹೀರಾಬಾದಿನ ಕಡೆಯ ಗಂಡು ಗೊತ್ತಾಗಿ, ಶ್ರಾವಣದ ಮೂರನೆಯ ಭಾನುವಾರ ಇವರ ಮಾಳಿಗೆಯ ಮೇಲೆಯೇ ನಿಶ್ಚಯ ಎಂದು ಮುಹೂರ್ತ ಬರೆದು ಬಂತು. ಆಳಂದದಿಂದ ಇಡೀ ಬಳಗ ಬರುವುದಿತ್ತು.

“ಈ ಸಲ ನಾ ಬಾರಸಾಂವ” ಎಂದ ಗುರುಶಾಂತ, ಊಟದ ನಡುವೆ.

ರೇಣುಕಾಳ ಕೈಯಲ್ಲಿದ್ದ ರೊಟ್ಟಿ ಹೆಂಚಿನ ಮೇಲೆ ಹೋಗುವುದನ್ನೇ ಮರೆಯಿತು.

“ಏನ್ ಬಾರಸಾವ್ರು?”

“ಗಿಟಾರ್. ಹುಡುಗಿನ್ನ ಹಸೆಕ್ಕ ಕರಿಯೂ ಸೋಬಾನ ಐತಲ್ಲ, ನಿಮ್ಮವ್ವ ಹಾಡ್ತಾರಲ್ಲ, ಅದ ಧಾಟಿ.”

“ಎಪ್ಪಾ ಶಿವನ! ನನ್ನ ಮದುವಿ ಸುಟ್ಟಿದ್ದು ಸಾಲಲಿಲ್ಲೇನು? ತಂಗೀದರ ಬಿಡ್ರಿ.”

“ಈ ಸಲ ಹೊಗಿ ಬರಾಂಗಿಲ್ಲ. ಈ ಸಲ ಆಂಪ್ಲಿಫೈಯರ್ರ ಇರಾಂಗಿಲ್ಲ.”

ಅವನು ಹೀಗೆ ಎದೆ ತಟ್ಟಿ ಹೇಳಲು ಕಾರಣ ಮೇಲಿನ ಮನೆಯ ಬಾಡಿಗೆದಾರ ಚಂದ್ರಹಾಸ. ಬೀದರ ಕಡೆಯವನು, ಹೈಟೆಕ್ ಸಿಟಿಯ ಕಂಪನಿಯೊಂದರಲ್ಲಿ ಕೆಲಸ. ಹೈದರಾಬಾದಿನಲ್ಲಿ ಕಲ್ಲೆಸೆದರೆ ಸಾಫ್ಟ್‌ವೇರಿನವನ ತಲೆಗೆ ಬೀಳುವ ಕಾಲ. ಗುರುಶಾಂತನ ಪಾಲಿಗೆ ಬಿದ್ದವನು ಇವನು. ಗುರುಶಾಂತನ ಗಿಟಾರಿನ ವಯರನ್ನು ನೇರ ಕಂಪ್ಯೂಟರಿಗೆ ಸಿಕ್ಕಿಸಿ, ಅವನ ಕಿವಿಗೆ ಹೆಡ್‌ಫೋನ್ ಏರಿಸಿ ಚಂದ್ರಹಾಸ ಹೇಳಿದ್ದ: “ಅಂಕಲ್, ಇದಕ್ಕ ಆಂಪ್ ಸಿಮ್ಯುಲೇಟರ್ ಅಂತಾರ್ರಿ. ಆಂಪ್ಲಿಫೈಯರ್ ಹ್ಯಾಂಗ ಗುಂಯ್ ಅಂತದ, ಹಂಗ ಕಂಪ್ಯೂಟರ್ ನಕಲು ಮಾಡ್ತದ. ಸಣ್ಣದು, ದೊಡ್ಡದು, ಹಳೇದು, ಹೊಸಾದು, ಒಟ್ಟ ನಲವತ್ತೆರಡು ಅದಾವು. ಯಾವುದು ಬೇಕು ಒತ್ತರಿ.”

ಗುರುಶಾಂತ ಒಂದನ್ನು ಒತ್ತಿ ತಂತಿ ಮೀಟಿದ. ಕಿವಿಯೊಳಗೆ ಸಮುದ್ರ ಎದ್ದು ನಿಂತಿತು. ಹೊರಗೆ ಕೇಳಿದ್ದು ಮಾತ್ರ ‘ಟಿಣ್, ಟಿಣ್’ ಎಂಬ ಸಪ್ಪೆ ಸದ್ದು. ಹೊಗೆಯಿಲ್ಲ, ಕಿಡಿಯಿಲ್ಲ, ಬಾಡಿಗೆಯ ಡಬ್ಬಿಯಿಲ್ಲ. ಅವನ ಕಣ್ಣಲ್ಲಿ ನೀರು ಬಂತು. ಹಿತ್ತಲಕಡೆಯ ಸಾಮಾನಿನ ಕೋಣೆಯನ್ನು ಖಾಲಿ ಮಾಡಿ, ಚಂದ್ರಹಾಸ ಕೊಟ್ಟ ಕಂಪ್ಯೂಟರ್ ಅಲ್ಲಿಟ್ಟು, ಗೋಡೆಗೆ ಹಳೆಯ ದುಪ್ಪಟಿ ಬಡಿದು, ಬಾಗಿಲಿಗೆ ‘ಸ್ಟುಡಿಯೊ’ ಎಂದು ಚಾಕ್‌ಪೀಸಿನಲ್ಲಿ ಬರೆದ.

ಇಷ್ಟಕ್ಕೇ ಸುಮ್ಮನಿದ್ದಿದ್ದರೆ ಈ ಕಥೆ ಹೇಳುವ ಪ್ರಸಂಗ ಬರುತ್ತಿರಲಿಲ್ಲ. ಬಾಯಿ ಬಿಟ್ಟರೆ ಬಣ್ಣಗೇಡು ಅಂತ ಹಿರಿಯರು ಸುಮ್ಮನೆ ಅಂದಿಲ್ಲ. ಮರುದಿನ ಬೆಳಿಗ್ಗೆ ಹಾಲಿನ ಬೂತಿನ ಎದುರು ಅದೇ ಓಣಿಯ ಜಯಮ್ಮ ತನ್ನ ಗಂಡ ತಂದ ಹೊಸ ಟಿವಿಯ ಸ್ಪೀಕರುಗಳನ್ನು ಹೊಗಳುತ್ತಿದ್ದಳು. ಗುರುಶಾಂತ ತಡೆಯಲಾರದೆ ಅಂದುಬಿಟ್ಟ: “ನಮ್ಮನ್ಯಾಗ ನಲವತ್ತೆರಡು ಆಂಪ್ಲಿಫೈಯರ್ ಅದಾವ್ರಿ ಜಯಕ್ಕ.”

ಹಾಲಿನವನು ಪಾಕೀಟು ಎಣಿಸುವುದನ್ನು ನಿಲ್ಲಿಸಿದ.

ಆ ಓಣಿಯಲ್ಲಿ ಹದಿನಾರು ಕನ್ನಡದ ಮನೆಗಳು. ಅಷ್ಟಕ್ಕೂ ಸೇರಿ ಎಲ್ಲೂ ಬರೆಯದ ಒಂದು ಕಾನೂನು ಇತ್ತು. ದೊಡ್ಡ ಸಾಮಾನು ಯಾರ ಮನೆಯಲ್ಲೇ ಇರಲಿ, ಅದು ಹದಿನಾರು ಮನೆಯ ಸಾಮಾನು. ಹಂಪಯ್ಯನವರ ತಾಮ್ರದ ಹಂಡೆ, ಜಯಮ್ಮನ ಆರು ಜಮಖಾನೆ, ಗುರುಶಾಂತನ ಇಪ್ಪತ್ತಡಿ ಏಣಿ, ಎಲ್ಲವೂ ಹಾಗೆಯೇ ಓಣಿಯ ತುಂಬ ತಿರುಗುತ್ತಿದ್ದವು. ಕೇಳಿದವರಿಗೆ ಇಲ್ಲ ಅಂದ ಮನೆ ಈವರೆಗೆ ಇರಲಿಲ್ಲ.

ಅಂದು ಸಂಜೆಯೇ ಹಂಪಯ್ಯನವರು ಬಂದರು. ರೈಲ್ವೆಯಲ್ಲಿ ಗಾರ್ಡ್ ಆಗಿ ನಿವೃತ್ತರಾದವರು, ಓಣಿಯ ಪುರಾಣ ಕಮಿಟಿಯ ಅಧ್ಯಕ್ಷರು. ಹಸಿರು ನಿಶಾನೆ ತೋರಿಸಿದ ಕೈ ಇನ್ನೂ ಮಾತಾಡುವಾಗ ತಾನಾಗಿಯೇ ಮೇಲೇಳುತ್ತಿತ್ತು.

“ಗುರುಶಾಂತ, ಶ್ರಾವಣದ ಪುರಾಣ ನಡದೈತಿ. ನಮ್ಮ ಕಮಿಟಿ ಆಂಪ್ಲಿಫೈಯರ್ ಮುದುಕ ಆಗೈತಿ, ಶಾಸ್ತ್ರಿಗಳು ಒಂದು ಮಾತಾಡಿದ್ರ ಅದು ಎರಡು ಸಲ ಕೆಮ್ಮತೈತಿ. ನಿನ್ನ ನಲವತ್ತೆರಡರಾಗ ಎರಡು ಕೊಡಪ.”

“ಕಾಕಾ, ಅವು ಕೊಡಾಕ ಬರಾಂಗಿಲ್ರಿ.”

“ಯಾಕ ಬರಾಂಗಿಲ್ಲ?”

“ಅವು ಕಂಪ್ಯೂಟರ್‌ನ್ಯಾಗ ಅದಾವ್ರಿ.”

“ಹೊರಗ ತಗಿ.”

“ಹೊರಗ ಬರಾಂಗಿಲ್ರಿ. ಅವು ಅದಾವು, ಆದ್ರ ಇಲ್ರಿ.”

ಮೂವತ್ತೈದು ವರ್ಷ ಗಾರ್ಡ್ ಬೋಗಿಗೆ ನುಗ್ಗಿದ ಟಿಕೆಟ್ಟಿಲ್ಲದವರ ನೆವ ಕೇಳಿದ ಕಿವಿ ಹಂಪಯ್ಯನವರದು. ‘ಟಿಕೆಟ್ ಐತ್ರಿ, ಆದ್ರ ಇಲ್ರಿ’ ಎಂದು ಒಬ್ಬ ಕಳ್ಳನೂ ಅವರಿಗೆ ಹೇಳಿರಲಿಲ್ಲ.

“ಎರಡು ಬ್ಯಾಡ, ಒಂದು?”

“ಒಂದೂ ಆಗಾಂಗಿಲ್ರಿ ಕಾಕಾ.”

“ಆತು ಬಿಡಪ. ದೇವರ ಕೆಲಸಕ್ಕ ಕೇಳಿದ್ದೆ” ಎಂದು ಮುದುಕರು ರೇಣುಕಾ ತಂದ ಚಹಾ ಮುಟ್ಟದೆ ಎದ್ದರು. ಆ ಓಣಿಯಲ್ಲಿ ಚಹಾ ಬಿಟ್ಟು ಹೋಗುವುದೆಂದರೆ ಪೊಲೀಸ್ ಸ್ಟೇಷನ್ನಿನಲ್ಲಿ ದೂರು ಕೊಟ್ಟಂತೆಯೇ.

ಮೂರನೆಯ ದಿನ ಕರೆಂಟ್ ಆಫೀಸಿನ ಲೈನ್‌ಮನ್ ಬಂದ. “ಏಂಡಿ, ಇಂಟ್ಲೋ ನಲಭೈ ರೆಂಡು ಆಂಪ್ಲಿಫೈಯರ್ಲು ಉನ್ನಾಯಂಟಗಾ?” ಎಂದು ಬಾಗಿಲಲ್ಲೇ ಕೇಳಿದ. ಮನೆಯಲ್ಲಿ ನಲವತ್ತೆರಡು ಇವೆಯಂತಲ್ಲ ಎಂಬ ಸುದ್ದಿ ತೆಲುಗಿಗೂ ಹೋಗಿತ್ತು. ಗುರುಶಾಂತ ತನಗೆ ಬರುವ ತೆಲುಗು, ಹಿಂದಿ ಎರಡನ್ನೂ ಕಲಸಿ, ಅವು ಇವೆ ಆದರೆ ಇಲ್ಲ ಎಂದು ವಿವರಿಸಿದ. ಲೈನ್‌ಮನ್ ವಾದಕ್ಕೆ ಬೀಳದೆ ಮೀಟರಿನ ಎದುರು ಕುಕ್ಕರಗಾಲಲ್ಲಿ ಕೂತ. ಚಕ್ರ ಮೆಲ್ಲಗೆ, ಬಸುರಿ ಹೆಂಗಸು ನಡೆದಂತೆ ತಿರುಗುತ್ತಿತ್ತು. ಅವನು ತಲೆಯಾಡಿಸಿದ. ನಲವತ್ತೆರಡು ಆಂಪ್ಲಿಫೈಯರ್ ಇರುವ ಮನೆಯಲ್ಲಿ ಚಕ್ರ ಇಷ್ಟು ನಿಧಾನ ತಿರುಗುತ್ತದೆಂದರೆ ಕೆಟ್ಟಿರುವುದು ಮೀಟರೇ ಸೈ! ಪರೀಕ್ಷೆಗೆಂದು ಮೀಟರ್ ಬಿಚ್ಚಿಕೊಂಡು ಚೀಲಕ್ಕೆ ಹಾಕಿಕೊಂಡು ಹೊರಟೇ ಹೋದ.

ಮನೆ ಕತ್ತಲಾಯಿತು. ಸ್ಟುಡಿಯೊ ಸತ್ತಿತು. ಓಣಿಯ ಅನುಮಾನಕ್ಕೆ ಮಾತ್ರ ಝಗ್ಗನೆ ದೀಪ ಹತ್ತಿತು. “ನೋಡಿದ್ರಿಲ್ಲ, ಸರ್ಕಾರದವ್ರಿಗೇ ಗೊತ್ತಾತು” ಎಂದಳು ಜಯಮ್ಮ.

ಇನ್ನೊಬ್ಬನಾಗಿದ್ದರೆ ಗಿಟಾರನ್ನು ಅಟ್ಟಕ್ಕೆ ಹಾಕಿ ಸುಮ್ಮನಾಗುತ್ತಿದ್ದ. ಗುರುಶಾಂತ ಕಂಪ್ಯೂಟರನ್ನು ಹೊಟ್ಟೆಗೆ ಅವಚಿಕೊಂಡು ಮೆಟ್ಟಿಲು ಹತ್ತಿದ. ಚಂದ್ರಹಾಸನ ಮನೆಗೆ ಬೇರೆ ಮೀಟರ್ ಇತ್ತು. ಆದರೆ ಅಲ್ಲಿ ಖಾಲಿ ಇದ್ದ ಜಾಗ ಅಡುಗೆ ಕಟ್ಟೆಯೊಂದೇ. ಗ್ಯಾಸ್ ಒಲೆಯ ಪಕ್ಕ ಕಂಪ್ಯೂಟರ್, ಸಿಲಿಂಡರಿನ ಮೇಲೆ ಗುರುಶಾಂತ.

ಅಲ್ಲಿ ಅವನಿಗೆ ಇನ್ನೊಂದು ತೊಡಕು ಗೊತ್ತಾಯಿತು. ತಂತಿ ಮೀಟಿದರೆ ನಾದ ಒಂದು ಚಣ ತಡವಾಗಿ ಕಿವಿಗೆ ಬರುತ್ತಿತ್ತು. ಕಂಪ್ಯೂಟರ್ ಹಳೆಯದು, ಲೆಕ್ಕ ಹಾಕಲು ಅದಕ್ಕೂ ಹೊತ್ತು ಬೇಕು ಎಂದ ಚಂದ್ರಹಾಸ. ಗುರುಶಾಂತ ಅದಕ್ಕೂ ಸೋಲಲಿಲ್ಲ. ತಾಳಕ್ಕಿಂತ ಕೂದಲೆಳೆ ಮುಂಚೆ ಮೀಟುವುದನ್ನು ಕಲಿತ. ನಲವತ್ತೆರಡನ್ನೂ ಒಂದೊಂದಾಗಿ ಒತ್ತಿ ನೋಡಿ, ಹದಿನೇಳನೆಯದು ಸೋಬಾನಕ್ಕೆ ಸರಿ ಎಂದು ಗೊತ್ತು ಮಾಡಿ, ಮಂದಿಯ ಮುಂದೆ ಎಡವದಂತೆ ಮೊದಲೇ ರೆಕಾರ್ಡ್ ಮಾಡಿಡಲು ಕೂತ. ಪಕ್ಕದಲ್ಲಿ ಕುಕ್ಕರ್ ಮೂರು ಸೀಟಿ ಹೊಡೆಯಿತು, ಕಿಟಕಿಯ ಆಚೆ ಗೂಡ್ಸ್ ಗಾಡಿ ಮನೆಯನ್ನೇ ನಡುಗಿಸುತ್ತ ಹೋಯಿತು. ಮೈಕು ಇಲ್ಲದ ಕಾರಣ ಒಂದು ಸೀಟಿಯೂ ರೆಕಾರ್ಡಿನೊಳಗೆ ನುಗ್ಗಲಿಲ್ಲ. ಐವತ್ಮೂರನೆಯ ಸಲಕ್ಕೆ ಇಡೀ ಪದ ಎಲ್ಲೂ ಎಡವದೆ ಮುಗಿಯಿತು. ಚಂದ್ರಹಾಸನ ಬೇಳೆ ಮಾತ್ರ ತಳ ಹಿಡಿದಿತ್ತು.

ಕುಣಿಯುತ್ತ ಕೆಳಗಿಳಿದರೆ ರೇಣುಕಾ ಮೇಣಬತ್ತಿಯ ಎದುರು ಅಳುತ್ತ ಕೂತಿದ್ದಳು. ನಿಶ್ಚಯಕ್ಕೆ ನಾಲ್ಕೇ ದಿನ. ಜಮಖಾನೆ ಕೇಳಲು ಹೋಗಿದ್ದಳಂತೆ.

“ಜಯಕ್ಕ ಏನಂದ್ಲು ಗೊತ್ತೈತೇನ್ರಿ? ‘ಜಮಖಾನಿ ಕಂಪ್ಯೂಟರ್‌ನ್ಯಾಗ ಅದಾವ ಯವ್ವಾ, ಅದಾವು ಆದ್ರ ಇಲ್ಲ’ ಅಂದ್ಲು! ಹಂಡೆ ಕೇಳಾಕ ಹೋದ್ರ ಹಂಪಯ್ಯ ಕಾಕಾನ ಮನ್ಯಾಗೂ ಅದ ಮಾತು. ಖುರ್ಚಿ ಇಲ್ಲ, ತಾಟು ಇಲ್ಲ. ಹದಿನಾರು ಮನಿ ಸಾಮಾನು ಕಂಪ್ಯೂಟರ್ ಹೊಕ್ಕೊಂಡು ಕುಂತೈತಿ. ಬೀಗರನ್ನ ಎಲ್ಲಿ ಕುಂದ್ರಸ್ಲಿ? ನಿಮ್ಮ ತಲಿ ಮ್ಯಾಲ?”

ಗುರುಶಾಂತನಿಗೆ ನಿಜಕ್ಕೂ ನಾಚಿಕೆಯಾಯಿತು. “ಅಳಬ್ಯಾಡ. ಪದ ಮುಗಿದೈತಿ. ಒಮ್ಮೆ ಕೇಳಿದ್ರ ಎಲ್ಲಾರೂ ಸುಮ್ಮನಾಗ್ತಾರ” ಎಂದ.

ಹಿಂದೆಯೇ ಬಂದ ಚಂದ್ರಹಾಸ ಆಗ ತಲೆ ಕೆರೆದುಕೊಂಡ. “ಅಂಕಲ್, ಒಂದು ಮಾತು. ಹೆಡ್‌ಫೋನ್ ಒಬ್ಬರಿಗೆ ಆತು. ಮಾಳಿಗಿ ಮ್ಯಾಲ ಇನ್ನೂರು ಮಂದಿಗೆ ಕೇಳಸಬೇಕಂದ್ರ...”

“ಕೇಳಸಬೇಕಂದ್ರ?”

“ಒಂದು ಆಂಪ್ಲಿಫೈಯರ್ ಬೇಕಾಗ್ತದ್ರಿ. ಖರೇದು.”

ರೇಣುಕಾ ಅಳುವುದನ್ನು ನಿಲ್ಲಿಸಿ ನಗಲು ಶುರುಮಾಡಿದಳು. ಆ ನಗೆಗಿಂತ ಅಳುವೇ ಮೇಲಿತ್ತು.

ಶ್ರಾವಣದಲ್ಲಿ ಊರ ತುಂಬ ಮದುವೆ, ಪೂಜೆ. ಬಾಡಿಗೆ ಅಂಗಡಿಗಳಲ್ಲಿ ಒಂದು ಡಬ್ಬಿಯೂ ಉಳಿದಿರಲಿಲ್ಲ. ಗುರುಶಾಂತ ಊರಿನ ಆಚೆ ತುದಿಯ ಮೆಹದಿಪಟ್ಟಣಂವರೆಗೆ ಬಸ್ಸಿನಲ್ಲಿ ಹೋಗಿ ಬರಿಗೈಯಲ್ಲಿ ಬಂದ. ಉಳಿದದ್ದು ಒಂದೇ ಬಾಗಿಲು. ಶುಕ್ರವಾರ ಬೆಳಿಗ್ಗೆ ಗುರುಶಾಂತ ವಿಭೂತಿ ಹಚ್ಚಿಕೊಂಡು, ಇಸ್ತ್ರಿ ಅಂಗಿ ಹಾಕಿಕೊಂಡು, ಹಂಪಯ್ಯನವರ ಕಟ್ಟೆಯ ಮುಂದೆ ನಿಂತ. ಅಲ್ಲಿ ಪುರಾಣ ಕಮಿಟಿಯ ಹತ್ತಾರು ಜನ ಕೂತಿದ್ದರು, ಜಯಮ್ಮನೂ ಇದ್ದಳು.

“ಕಾಕಾ, ಒಂದು ಆಂಪ್ಲಿಫೈಯರ್ ಬೇಕಾಗಿತ್ರಿ.”

ಕಟ್ಟೆಯ ಮೇಲಿನ ತಲೆಗಳೆಲ್ಲ ಒಮ್ಮೆಲೇ ತಿರುಗಿದವು.

“ಇನ್ನೊಮ್ಮೆ ಹೇಳು” ಎಂದರು ಹಂಪಯ್ಯನವರು.

“ಕಮಿಟಿದು ಹಳೇ ಆಂಪ್ಲಿಫೈಯರ್, ಭೋಂಗಾ ಸ್ಪೀಕರ್. ಭಾನುವಾರಕ್ಕ. ಒಂದ ತಾಸಿಗೆ.”

“ನಲವತ್ತೆರಡು ಇದ್ದಾಂವ ಒಂದು ಕೇಳಾಕ ಬಂದಾನ!” ಎಂದು ಜಯಮ್ಮ ಎರಡೂ ಕೈ ಮೇಲೆತ್ತಿದಳು. “ಎಪ್ಪಾ, ಇಂಥಾ ಜಿಪುಣನ್ನ ನಾ ಹುಟ್ಟಿದಾಗಿಂದ ನೋಡಿಲ್ಲವ್ವಾ! ತನ್ನವು ಸವೀತಾವು ಅಂತ ದೇವರವ ಕೇಳಾಕತ್ತಾನ!”

“ಜಯಕ್ಕ, ಬರ್ರಿ. ಎಲ್ಲಾರೂ ಬರ್ರಿ. ನನ್ನ ಮನಿ ಝಡತಿ ಮಾಡ್ರಿ. ಒಂದ ಒಂದು ಆಂಪ್ಲಿಫೈಯರ್ ಸಿಕ್ಕರ ನಾ ಈ ಓಣಿ ಬಿಟ್ಟು ಹೋಗತೀನಿ.”

ಬರುವುದಿಲ್ಲ ಅನ್ನಲು ಅವರೇನು ಸನ್ಯಾಸಿಗಳೇ? ಹದಿನಾರು ಮನೆಯವರೂ ಬಂದರು. ಕಂಪ್ಯೂಟರ್ ಇನ್ನೂ ಚಂದ್ರಹಾಸನ ಅಡುಗೆಮನೆಯಲ್ಲೇ ಇದ್ದದ್ದರಿಂದ ಮೇಲೂ ಕೆಳಗೂ ಎರಡು ತಂಡಗಳಾಗಿ ಹುಡುಕಿದರು. ಮಂಚದ ಕೆಳಗೆ ಬ್ಯಾಟರಿ ಬೆಳಕು ಬಿಟ್ಟರು. ಜೋಳದ ಡಬ್ಬಿಯೊಳಗೆ ಮೊಣಕೈವರೆಗೆ ಕೈ ಹಾಕಿದರು. ಒಬ್ಬರು ದೇವರ ಜಗುಲಿಯ ಹಿಂದೆ ಇಣುಕಿ, ತಪ್ಪಾಯಿತೆಂದು ಗಲ್ಲ ಬಡಿದುಕೊಂಡರು. ಮೂರು ವರ್ಷದ ಹಿಂದೆ ಕಳೆದಿದ್ದ ಜಯಮ್ಮನ ತೂತಿನ ಸೌಟು ರೇಣುಕಾಳ ಕಪಾಟಿನಲ್ಲಿ ಸಿಕ್ಕಿತು. ಅದಕ್ಕೆ ಬೇರೆಯೇ ಹತ್ತು ನಿಮಿಷ ಹೋಯಿತು. ಆಂಪ್ಲಿಫೈಯರ್ ಮಾತ್ರ ಸಿಗಲಿಲ್ಲ.

ಆಗ ಗುರುಶಾಂತ ಎಲ್ಲರನ್ನೂ ಚಂದ್ರಹಾಸನ ಅಡುಗೆಮನೆಗೆ ಕರೆದೊಯ್ದು, ಹೆಡ್‌ಫೋನನ್ನು ಜಯಮ್ಮನ ತಲೆಗೆ ಏರಿಸಿ, ಒಂದು ಆಂಪ್ಲಿಫೈಯರನ್ನು ಒತ್ತಿ, ತಂತಿ ಮೀಟಿದ.

“ಯವ್ವಾ!” ಎಂದು ಜಯಮ್ಮ ಗ್ಯಾಸ್ ಸಿಲಿಂಡರನ್ನು ಅಪ್ಪಿಕೊಂಡಳು. ಉಳಿದವರಿಗೆ ಕೇಳಿದ್ದು ‘ಟಿಣ್’. ಅವನು ಇನ್ನೊಂದು ಒತ್ತಿದ, ಮತ್ತೊಂದು ಒತ್ತಿದ. ಜಯಮ್ಮನ ಮುಖದ ಮೇಲೆ ಒಂದೊಂದಕ್ಕೂ ಒಂದೊಂದು ಬಣ್ಣ ಬಂತು.

“ಅದಾವ್ರಿ ಹಂಪಯ್ಯಣ್ಣ!” ಎಂದು ಕಿರುಚಿದಳು. “ಖರೇನ ಅದಾವು! ಎಲ್ಲಾ ಇದರಾಗ ತುಂಬ್ಯಾನ!”

ಹಂಪಯ್ಯನವರು ತಾವೂ ಹಾಕಿಕೊಂಡು, ಕಣ್ಣು ಮುಚ್ಚಿ, ಬೆರಳು ಮಡಚುತ್ತ ನಲವತ್ತೆರಡನ್ನೂ ಎಣಿಸಿದರು. ಕೊನೆಗೆ ಹೆಡ್‌ಫೋನ್ ತೆಗೆದು, “ಲೆಕ್ಕ ಬರೋಬರಿ ಐತಿ” ಎಂದು ತೀರ್ಪು ಕೊಟ್ಟರು. “ಹೊರಗ ತಗ್ಯಾಕ ಈ ಹುಡುಗಗ ಬರವಲ್ದು, ಅಷ್ಟ. ನಾಳೆ ಕಲೀತಾನ. ಹಂಡೆ ತಗೊಂಡು ಹೋಗ್ರಿ. ಭೋಂಗಾನೂ ಒಯ್ಯಿರಿ.”

ಸತ್ಯ ಇನ್ನೂ ಅರ್ಧ ದಾರಿಯಲ್ಲೇ ನಿಂತಿತ್ತು. ಆದರೆ ಹಂಡೆ ಸಿಗುವಾಗ ಸತ್ಯವನ್ನು ಎಳೆದು ತರಲು ರೇಣುಕಾ ಬಿಡಲಿಲ್ಲ. ಗಂಡನ ಕಾಲು ತುಳಿದು, “ಹ್ಞೂಂ ಅನ್ರಿ” ಎಂದಳು. ಅವನು ಹ್ಞೂಂ ಎಂದ. ಶನಿವಾರ ಮೀಟರೂ ಮರಳಿ ಬಂತು. ಅದಕ್ಕೆ ಯಾವ ರೋಗವೂ ಇರಲಿಲ್ಲವಂತೆ.

ಭಾನುವಾರ ಮಾಳಿಗೆಯ ಮೇಲೆ ಶಾಮಿಯಾನ ಎದ್ದಿತು. ಆರು ಜಮಖಾನೆ ಹಾಸಿದರು. ಹಂಡೆಯಲ್ಲಿ ಹುಗ್ಗಿ ಕುದಿಯಿತು. ಇಪ್ಪತ್ತಡಿ ಏಣಿ ಹತ್ತಿ ಚಂದ್ರಹಾಸ ಭೋಂಗಾ ಕಟ್ಟಿದ. ಆಳಂದದ ಬಳಗ ಮುಂದಿನ ಸಾಲಿನಲ್ಲಿ ಕೂತು, ಆ ವಯರುಗಳನ್ನು ನೋಡಿ, ಒಬ್ಬರ ಕಿವಿಯಲ್ಲಿ ಒಬ್ಬರು ಏನೋ ಅಂದು ನಕ್ಕರು. ಪಾರ್ವತೆಮ್ಮನವರು ತಮ್ಮ ಸೆರಗಿನ ತುದಿಯನ್ನು ಬಿಗಿಯಾಗಿ ಸೊಂಟಕ್ಕೆ ಸಿಕ್ಕಿಸಿಕೊಂಡು, ಕುರ್ಚಿಯನ್ನು ಹತ್ತು ಗೇಣು ಹಿಂದೆ ಸರಿಸಿದರು.

“ಹುಡುಗಿನ್ನ ಕರೀರಿ” ಎಂದರು ಶಾಸ್ತ್ರಿಗಳು.

ಗುರುಶಾಂತ ಟೇಬಲ್ಲಿನ ಮೇಲಿದ್ದ ಕಂಪ್ಯೂಟರಿನ ಗುಂಡಿ ಒತ್ತಿದ.

ಸೋಬಾನದ ಮೊದಲ ಸಾಲು ಭೋಂಗಾದಿಂದ ಗುಂಯ್ಯೆಂದು ಹೊರಟಿತು. ನಿಜವಾಗಿ ಚೆನ್ನಾಗಿತ್ತು! ಬೀಗರು ತಲೆ ಎತ್ತಿದರು, ರೇಣುಕಾ ಬಾಗಿಲಲ್ಲಿ ನಿಂತು ಗಂಡನನ್ನು ನೋಡಿದಳು. ಎರಡನೆಯ ಸಾಲಿಗೆ ಪುರಾಣ ಕಮಿಟಿಯ ಮುದಿ ಆಂಪ್ಲಿಫೈಯರ್ ಒಮ್ಮೆ ಕೆಮ್ಮಿತು. ಆಮೇಲೆ ಭುಸ್ಸೆಂದಿತು. ಕಪ್ಪು ಹೊಗೆ ಸುರುಳಿ ಸುರುಳಿಯಾಗಿ ಎದ್ದು ಶಾಮಿಯಾನದ ಬಟ್ಟೆಯನ್ನು ಮುಟ್ಟಿತು. ಚಂದ್ರಹಾಸ ಓಡಿ ವಯರು ಕಿತ್ತ.

“ಹೊಗಿ ಅಳ್ಯಾ!” ಎಂದು ಆಳಂದದ ಸಾಲಿನಿಂದ ಯಾರೋ ಕೂಗಿದರು. ಇನ್ನೂರು ಮಂದಿ ಗೊಳ್ಳೆಂದು ನಕ್ಕರು. ರೇಣುಕಾ ಸೆರಗಿನಿಂದ ಮುಖ ಮುಚ್ಚಿಕೊಂಡಳು.

ಗುರುಶಾಂತನ ಕಾಲು ಮೆಟ್ಟಿಲ ಕಡೆ ತಿರುಗಿದ್ದು ನಿಜ. ಸುಳ್ಳು ಯಾಕೆ ಹೇಳಬೇಕು, ಅವನ ಕಣ್ಣು ಒಂದು ದನದ ಕೊಟ್ಟಿಗೆಯನ್ನೂ ಹುಡುಕಿತು. ಆದರೆ ಮಲ್ಕಾಜ್‌ಗಿರಿಯಲ್ಲಿ ಕೊಟ್ಟಿಗೆ ಎಲ್ಲಿಂದ ಬರಬೇಕು? ಅವನು ಹಲ್ಲು ಕಚ್ಚಿ ತಿರುಗಿ ನಿಂತ. ಕಂಪ್ಯೂಟರಿಗೆ ಹೆಡ್‌ಫೋನ್ ಸಿಕ್ಕಿಸಿ, ವಯರು ಸಾಲುವಷ್ಟು ಟೇಬಲ್ಲನ್ನೇ ಎಳೆದು, ನೇರ ಅತ್ತೆಯ ಎದುರು ಹೋದ.

“ಅತ್ತಿ, ಸೆರಗು ಬಿಗಿ ಹಿಡೀರಿ. ಇದರಾಗ ಕಿಡಿ ಇಲ್ಲ” ಎಂದು ತಲೆಗೆ ಹೊದ್ದ ಸೆರಗಿನ ಮೇಲೆಯೇ ಹೆಡ್‌ಫೋನ್ ಏರಿಸಿ, ಮತ್ತೆ ಮೊದಲಿನಿಂದ ಗುಂಡಿ ಒತ್ತಿದ.

ಪಾರ್ವತೆಮ್ಮನವರು ಮೊದಲು ಬೆಚ್ಚಿದರು. ಆಮೇಲೆ ಕೈ ಮೇಲೆತ್ತಿ ಎಲ್ಲರನ್ನೂ ಸುಮ್ಮನಿರಿಸಿದರು. ಅವರ ಬೆರಳು ಮೊಣಕಾಲ ಮೇಲೆ ತಾಳ ಹಾಕತೊಡಗಿತು. ತುಟಿ ಅಲುಗಿತು. ಹೆಡ್‌ಫೋನ್ ಹಾಕಿಕೊಂಡವರಿಗೆ ತಮ್ಮ ದನಿ ತಮಗೆ ಕೇಳುವುದಿಲ್ಲ. ಹಾಗಾಗಿ ಆ ತಾಯಿ ಎದೆಯೊಳಗಿದ್ದ ಅಷ್ಟೂ ದನಿಯನ್ನು ಬಿಚ್ಚಿ ಸೋಬಾನ ಎತ್ತಿದರು. ಭೋಂಗಾ ಅದರ ಮುಂದೆ ಏನೂ ಅಲ್ಲ! ಆಳಂದದ ಹೆಂಗಸರು ದನಿಗೂಡಿಸಿದರು, ಓಣಿಯ ಹದಿನಾರು ಮನೆಯ ಹೆಂಗಸರು ಹಿಂದೆ ಬಿದ್ದರು. ಹಾಡಿನ ನಡುವೆ ದಾನೇಶ್ವರಿ ತಲೆತಗ್ಗಿಸಿ ಬಂದು ಹಸೆಯ ಮೇಲೆ ಕೂತಳು.

ಪದ ಮುಗಿಯಿತು. ಪಾರ್ವತೆಮ್ಮನವರು ಹೆಡ್‌ಫೋನ್ ತೆಗೆಯಲಿಲ್ಲ. ಬೆರಳಿನಿಂದಲೇ ಇನ್ನೊಮ್ಮೆ ಹಚ್ಚು ಎಂದು ಸನ್ನೆ ಮಾಡಿದರು. ಗುರುಶಾಂತ ಹಚ್ಚಿದ.

ಅಷ್ಟರಲ್ಲಿ ಹಂಪಯ್ಯನವರು ಸುಟ್ಟ ಆಂಪ್ಲಿಫೈಯರನ್ನು ಎತ್ತಿಕೊಂಡು ಅವನ ಹತ್ತಿರ ಬಂದರು.

“ದೇವರ ಸಾಮಾನು ಸುಟ್ಟೆಪ, ಇರಲಿ. ನಿನ್ನ ಹಂತೇಕ ನಲವತ್ತೆರಡು ಅದಾವಲ್ಲ, ಕಿವಿಯಾರೆ ಎಣಿಸೀನಿ. ಕಮಿಟಿಗೆ ಒಂದು ಕೊಟ್ಟುಬಿಡು. ನಿನಗ ಇನ್ನೂ ನಲವತ್ತೊಂದು ಉಳೀತಾವು.”

ಗುರುಶಾಂತ ಬಾಯಿ ತೆರೆದ. ಅವು ಅದಾವು ಆದರೆ ಇಲ್ಲ ಎಂದು ಮತ್ತೆ ಮೊದಲಿನಿಂದ ಶುರುಮಾಡುವವನಿದ್ದ. ಅಷ್ಟರಲ್ಲಿ ಕಣ್ಣು ಮುಚ್ಚಿ ಕೂತಿದ್ದ ಪಾರ್ವತೆಮ್ಮನವರು ಕಣ್ಣು ತೆರೆದು, ಎದುರಿಗೆ ಹಂಪಯ್ಯನವರು ಬಾಯಾಡಿಸುತ್ತಿರುವುದನ್ನು ಕಂಡು, ಕಿವಿಯಲ್ಲಿದ್ದುದನ್ನು ಎರಡೂ ಕೈಯಿಂದ ಒತ್ತಿ ಹಿಡಿದು ಗುಡುಗಿದರು. ರೈಲ್ವೆ ಗೇಟಿನ ಆಚೆಯವರಿಗೂ ಆ ಮಾತು ಕೇಳಿತಂತೆ.

“ಏ ಯಜಮಾನ್ರ, ಸುಮ್ಮನ ಕುಂದರ್ರಿ! ನಮ್ಮ ಗುರುಶಾಂತಪ್ಪ ಬಾರಸಾಕತ್ತಾರ!”